ಅಪ್ಪನಿಗೆ ಎಡಗಡೆ ಇಲ್ಲದಾಗ

ನನ್ನಪ್ಪ ಪೇಂಟರ್. ಅವತ್ತು ಅವರು ಬೆಟ್ಟದ ಅರ್ಧ ಮಾತ್ರ ಬಿಡಿಸಿದರು. ಬಲಗಡೆ ಕಾಡು, ಹುಲ್ಲು, ಬಿಸಿಲು ಎಲ್ಲ ಇತ್ತು. ಎಡಗಡೆ ಬರೀ ಬಿಳಿ ಕ್ಯಾನ್ವಾಸ್.

ನಾವು ಚಪ್ಪಾಳೆ ತಟ್ಟಿದೆವು.

ಚಿತ್ರ ಮಾಡಿಸಿದ ಕಕ್ಕಬೆಯ ಹೋಂಸ್ಟೇ ಮಾಲೀಕರಂತೂ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, "ಭಾರಿ ಮಾಡರ್ನ್ ಆಗಿದೆ ಮಾರಾಯ್ರೇ! ಖಾಲಿ ಬಿಟ್ಟದ್ದೇ ಮಂಜು ಅಲ್ವಾ?" ಅಂದರು. ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ "ಹೊಸ ಸ್ಟೈಲು" ಅಂದರು. ಪಿಯುಸಿ ಓದುವ ಮಹಾಜ್ಞಾನಿ ನಾನು ಸ್ಟೇಟಸ್ ಹಾಕಿದೆ. ರಾಶಿ ರಾಶಿ ಹೃದಯದ ಎಮೋಜಿ ಬಂದವು. ಒಬ್ಬರಿಗೂ ಮೆದುಳು ನೆನಪಾಗಲಿಲ್ಲ.

ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಅಪ್ಪ ಮೊದಲು ಕುಶಾಲನಗರದಲ್ಲಿ ಲಾರಿಗಳ ಹಿಂದೆ ಹೂವು, ಹುಲಿ ಬರೆಯುತ್ತಿದ್ದರು. ಆಮೇಲೆ ಅಂಗಡಿ ಬೋರ್ಡು. ಫ್ಲೆಕ್ಸ್ ಬಂದು ಬೋರ್ಡುಗಳನ್ನು ನುಂಗಿದ ಮೇಲೆ ಹೋಂಸ್ಟೇಗಳಿಗೆ ತಡಿಯಂಡಮೋಳ್ ಬೆಟ್ಟ. ಆ ಬೆಟ್ಟವನ್ನು ಎಷ್ಟು ಸಲ ಬಿಡಿಸಿದ್ದಾರೆಂದರೆ, ಅಪ್ಪ ಬರುವುದು ಕಂಡರೆ ಅದೇ ನೆಟ್ಟಗೆ ಕೂತು ಪೋಸ್ ಕೊಡುತ್ತದೆ. ಫೋಟೋ ನೋಡಿ ಬಿಡಿಸುವುದಿಲ್ಲ. "ಫೋಟೋದಾಗೆ ಗಾಳಿ ಎಲ್ಲೈತೆ?" ಅನ್ನುತ್ತಾರೆ. ಯಾವಾಗಲೂ ಎಡಗಡೆಯ ಮೇಲಿನ ಮೂಲೆಯಿಂದಲೇ ಶುರು, ಯಾಕೆಂದರೆ ಬಲಗೈಯವರು ಬಲದಿಂದ ಶುರು ಮಾಡಿದರೆ ಅಂಗೈ ಹಸಿ ಬಣ್ಣವನ್ನೆಲ್ಲ ಒರೆಸಿಬಿಡುತ್ತದೆ. ಇದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಅಂಥ ಮನುಷ್ಯ ಎಡಗಡೆ ಮುಟ್ಟೇ ಇಲ್ಲ ಅಂದರೆ ಅದು ಸ್ಟೈಲ್ ಹೇಗಾಗುತ್ತದೆ?

ಮರುದಿನ ಮಧ್ಯಾಹ್ನ ಅಪ್ಪ ತಟ್ಟೆಯ ಬಲಗಡೆಯ ಅನ್ನ ತಿಂದು ಮುಗಿಸಿ, "ಪಲ್ಯ ಯಾಕೆ ಬಡಿಸಿಲ್ಲ? ನಾನೇನು ಈ ಮನೆ ಬಾಡಿಗೆದಾರನಾ?" ಎಂದು ಕೂಗಾಡಿದರು. ಪಲ್ಯ ಎಡಗಡೆ ಆರುತ್ತಿತ್ತು.

"ಕಣ್ಣೇನು ಸಂತೇಲಿ ಬಿಟ್ಟು ಬಂದ್ರಾ?" ಅಂದರು ಅಮ್ಮ.

ಸಿಟ್ಟಿನಲ್ಲಿ ಎದ್ದವರ ಎಡಗಾಲು ಮಡಚಿತು. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದು ಬಿದ್ದರು.

ಸ್ಟ್ರೋಕ್.

ಮೈಸೂರಿನಲ್ಲಿ ಸ್ಕ್ಯಾನ್ ಆಯಿತು. "ಯಾವಾಗಿಂದ ಹೀಗಿದೆ?" ಎಂದು ಡಾಕ್ಟರು ಕೇಳಿದಾಗ ಅಮ್ಮ ಫೋನಿನಲ್ಲಿದ್ದ ಅರ್ಧ ಬೆಟ್ಟ ತೋರಿಸಿದರು. ಡಾಕ್ಟರು ಫೋನ್ ಇಸಿದುಕೊಂಡು ಫೋಟೋದ ತಾರೀಕು ನೋಡಿದರು.

"ಆವಾಗ್ಲೇ ಬಂದಿದ್ರೆ ಕ್ಲಾಟ್ ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತೇನೋ" ಅಂದರು.

ಕಣ್ಣು ಸರಿಯಾಗಿಯೇ ಇದೆಯಂತೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿ, ಎಡಗಡೆ ಅಂತ ಒಂದು ಇದೆ ಅನ್ನುವುದೇ ಅದಕ್ಕೆ ಮರೆತುಹೋಗಿದೆ. ಗಡಿಯಾರ ಬಿಡಿಸಿ ಅಂದರೆ ಅಪ್ಪ ಅಂಕಿಗಳನ್ನೆಲ್ಲ ಬಲಗಡೆಗೇ ತುರುಕಿದರು, ಮಡಿಕೇರಿ ಬಸ್ಸಿನ ಮುಂಬಾಗಿಲಲ್ಲಿ ಜನ ತುಂಬಿದ ಹಾಗೆ.

"ಪೂರ್ತಿ ಆಯ್ತಾ?" ಎಂದು ಕೇಳಿದರು ಡಾಕ್ಟರು.

"ಬಣ್ಣದಾಗೆ ಹುಟ್ಟಿದೋನು ನಾನು. ನಂಗೇ ಗಡಿಯಾರ ಹೇಳ್ಕೊಡ್ತೀರಾ?"

ನಗು ಬಂತು. ಟಾಯ್ಲೆಟ್ಟಿಗೆ ಹೋಗಿ ಅತ್ತೆ.

ಮನೆಗೆ ಬಂದ ಮೇಲೆ ನನ್ನ ಸಿಟ್ಟಿಗೆ ದಿನಕ್ಕೊಬ್ಬರು ಬಲಿ. ಆ ಹೋಂಸ್ಟೇ ಮಾಲೀಕರು ಅರ್ಧ ಬೆಟ್ಟಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದ್ದಾರಂತೆ; ನನ್ನಪ್ಪನ ಸ್ಟ್ರೋಕಿನ ಮುಂದೆ ಟೂರಿಸ್ಟರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಸೋದರಮಾವ ಬಂದು, "ಬಣ್ಣ ಗಿಣ್ಣ ಇನ್ನು ಸಾಕು ಬಿಡಿ ಭಾವ, ಶುಂಠಿ ಹೊಲ ನೋಡ್ಕೊಂಡಿರಿ" ಅಂದರು.

"ಮಾವ, ಶುಂಠಿ ಹೊಲಕ್ಕೂ ಎಡಗಡೆ ಇರುತ್ತೆ" ಅಂದೆ. ಅಮ್ಮ ಸೌಟು ಎತ್ತಿದರು. ಆದರೆ ಅಪ್ಪ ಬ್ರಷ್ ಬಿಟ್ಟರೆ ಉಳಿಯುವುದೇನು? ಮಾವನನ್ನು ಕೇಳಿದರೆ, ಶುಂಠಿ.

ಆಸ್ಪತ್ರೆಯ ಥೆರಪಿಸ್ಟ್ ಹೇಳಿದಂತೆ ಕ್ಯಾನ್ವಾಸಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿದೆ. ಅದು ಕಾಣುವವರೆಗೂ ಅಪ್ಪ ಕತ್ತು ತಿರುಗಿಸಬೇಕು. ಮನೆಯವರು ಎಡಗಡೆಯೇ ನಿಂತು ಮಾತಾಡಬೇಕು. ನಾನು ಎಡಗಡೆಯಿಂದ ಕೂಗಿದರೆ ಅಪ್ಪ ಬಲಗಡೆಯ ಗೋಡೆಗೆ ಉತ್ತರ ಕೊಡುತ್ತಿದ್ದರು. ಈ ಮನೆಯಲ್ಲಿ ಗೋಡೆಗೆ ಇರುವ ಮರ್ಯಾದೆ ನನಗಿಲ್ಲ. "ಏನೂ ಇಲ್ಲದ ಕಡೆ ಏನ್ ನೋಡ್ಲಿ?" ಎಂದು ಎಷ್ಟೋ ಸಲ ಬ್ರಷ್ ಎಸೆದರು. ನಾನೂ ವಾಪಸ್ ಎಸೆದೆ. ಇದನ್ನು ಥೆರಪಿಸ್ಟ್ ಹೇಳಿರಲಿಲ್ಲ.

ಕಳೆದ ವಾರ ಅಪ್ಪ ಅಂಗಳದಲ್ಲಿ ಕೂತು ಎದುರಿನ ಗದ್ದೆ ಬಿಡಿಸುತ್ತಿದ್ದರು. ನಾನು ಅವರ ಎಡಗಡೆ, ಗದ್ದೆಗೆ ಬೆನ್ನು ಹಾಕಿ ನಿಂತಿದ್ದೆ. ಬ್ರಷ್ ಎಂದಿನಂತೆ ನಡುವೆ ಬಂದು ನಿಂತಿತು. ಕತ್ತು ಮಾತ್ರ ನಿಲ್ಲಲಿಲ್ಲ. ತುಕ್ಕು ಹಿಡಿದ ನಲ್ಲಿಯ ಹಾಗೆ ಒಂಚೂರು, ಇನ್ನೊಂಚೂರು ತಿರುಗಿ, ಟೇಪ್ ದಾಟಿ, ನನ್ನ ಮುಖಕ್ಕೆ ಬಂತು.

"ಏಯ್, ಅಲ್ಲೇನೇ ಗೂಟದಂಗೆ ನಿಂತಿದೀಯ? ನಿನ್ನ ಹಿಂದೆ ಗದ್ದೆ ಐತೆ. ಸರ್ಕೊಳ್ಳೇ ಆ ಕಡೆ!"

ಸರಿದೆ. ಎಡಕ್ಕೇ, ಇನ್ನೂ ದೂರ. ಬೈಗುಳ ಅಲ್ಲಿಗೂ ಬಂತು.