ಎರಡು ಗಂಟೆ ಹದಿನೇಳನೇ ನಿಮಿಷ

ಕೌದಳ್ಳಿ ರುದ್ರಸ್ವಾಮಿಗೆ ಬೈಸಿಕೊಳ್ಳುವ ಚಟ. ಹೀಗಂದರೆ ನೀವು ನಗ್ತೀರಿ. ನಗಿ, ಊರೂ ನಕ್ಕಿತ್ತು. ಅರವತ್ತಕ್ಕೆ ಎರಡು ಕಮ್ಮಿ ವಯಸ್ಸಿನ ಯಜಮಾನ, ನ್ಯಾಯ ಪಂಚಾಯ್ತಿಗೆ ನಾಲ್ಕು ಊರಿನವರು ಕರೆಯೋ ಮನುಷ್ಯ. ಅಂಥವನು ದಿನಾ ಮಧ್ಯಾಹ್ನ ಮುದ್ದೆ ಮುಂದೆ ಇಟ್ಟುಕೊಂಡು, ಫೋನನ್ನ ನೀರಿನ ಚೊಂಬಿಗೆ ಒರಗಿಸಿ, ಸತ್ತುಹೋದ ಹೆಂಡತಿ ಕೈಲಿ ಬೈಸಿಕೊಂಡು ಆಮೇಲೆ ತುತ್ತು ಮುರೀತಿದ್ದ ಅಂದರೆ ಯಾರಿಗೆ ತಾನೆ ನಗು ಬರಲ್ಲ?

ಆ ಬೈಗುಳದ ಕತೆ ಹೇಳ್ತೀನಿ. ರುದ್ರಸ್ವಾಮಿಗೂ ಅವನ ಹೆಂಡತಿ ರತ್ನಮ್ಮನಿಗೂ ಮಕ್ಕಳಾಗಲಿಲ್ಲ. ಯಳಂದೂರಲ್ಲಿದ್ದ ರತ್ನಮ್ಮನ ತಮ್ಮ ಸದಾಶಿವಪ್ಪನ ಮಗಳು ಮಧುಶ್ರೀಯನ್ನೇ ಇಬ್ಬರೂ ಎತ್ತಾಡಿಸಿದ್ದರು. ಬೇಸಿಗೆ ರಜ ಬಂತು ಅಂದರೆ ಆ ಕೂಸು ಕೌದಳ್ಳಿಯಲ್ಲೇ. ಅವಳ ಮದುವೆ ಕೊಳ್ಳೇಗಾಲದ ಕಲ್ಯಾಣ ಮಂಟಪದಲ್ಲಿ ಆಯಿತು. ಈಗಿನ ಮದುವೆ ಗೊತ್ತಲ್ಲ, ಬರಲಾಗದ ನೆಂಟರಿಗೆಲ್ಲ ಲೈವ್ ಲಿಂಕು ಮೊದಲೇ ವಾಟ್ಸಾಪಲ್ಲಿ ಬಂದಿರುತ್ತದೆ, ಮನೇಲಿ ಕಾಲು ಚಾಚಿಕೊಂಡು ಕೂತೇ ಮದುವೆ ನೋಡಬಹುದು. ಈ ಮದುವೆಯ ಲೈವು ಸ್ಟುಡಿಯೊ ಮೋಹನನದು. ಮೋಹನ ಮಗ್ಗದ ಮನೆಯ ಹುಡುಗ, ಮಗ್ಗ ಬಿಟ್ಟು ಕ್ಯಾಮೆರಾ ಹಿಡಿದವನು.

ಧಾರೆ ಹೊತ್ತಿಗೆ ರುದ್ರಸ್ವಾಮಿ ಎಲ್ಲಿದ್ದ? ಊಟದ ಹಾಲಲ್ಲಿ. ಹಾಲಲ್ಲಿದ್ದ ಅನ್ನೋದಕ್ಕಿಂತ ಜಾಮೂನಿನ ಪಾತ್ರೆ ಪಕ್ಕ ಇದ್ದ ಅನ್ನೋದು ಸರಿ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ, ಮನೇಲಿ ಬೆಲ್ಲದ ಡಬ್ಬಿಗೂ ರತ್ನಮ್ಮ ಬೀಗ ಹಾಕಿದ್ದಳು. ಮದುವೆ ಮನೆಯಲ್ಲಿ ಅವಳು ಹುಡುಗಿ ಪಕ್ಕ ನಿಂತಿರೋದು ನೋಡಿ ಈ ಪುಣ್ಯಾತ್ಮ ಮೂರು ಜಾಮೂನು ನುಂಗಿ, ಏನೂ ಗೊತ್ತಿಲ್ಲದವನ ಹಾಗೆ ಶಲ್ಯ ಸರಿ ಮಾಡಿಕೊಂಡು ಅಕ್ಷತೆ ಹಾಕಕ್ಕೆ ವೇದಿಕೆ ಹತ್ತಿದ. ರತ್ನಮ್ಮ ನೋಡಿದಳು. ಅಯ್ನೋರು ಮಂತ್ರ ಹೇಳಕ್ಕೆ ಇಟ್ಟಿದ್ದ ಮೈಕು ಅವಳ ಮೊಳಕೈ ಪಕ್ಕದಲ್ಲೇ ಇತ್ತು, ಅದನ್ನ ಮಾತ್ರ ನೋಡಲಿಲ್ಲ.

"ಅಲ್ಲಾ, ಸಕ್ರ ಕಾಯ್ಲ ಇಟ್ಕಂಡು ಎಷ್ಟು ತಿಂದ್ರಿ? ಸುಳ್ ಯೋಳ್ಬ್ಯಾಡಿ, ಮೀಸ ಮ್ಯಾಲೆ ಪಾಕ ಸುರೀತಾ ಅದ. ಒರ್ಸ್ಕಳಿ ಅತ್ಲಾಗಿ! ನಾಳ ಕಾಲು ಉರೀತದ ಅಂದ್ರ ನಾನಂತೂ ಒತ್ತಾಕಿಲ್ಲ ಕಣ್ರಿ. ಥೂ, ಮಕ್ಳಾಗಿದ್ರೂ ಯೋಳಿದ್ ಮಾತ್ ಕೇಳವು!"

ಮಂಟಪಕ್ಕೆ ಮಂಟಪವೇ ಕೇಳಿಸಿಕೊಂಡಿತು. ಅಯ್ನೋರು ಮಂತ್ರ ನಿಲ್ಲಿಸಿ ನಕ್ಕರು, ಬಾಸಿಂಗ ಕಟ್ಟಿಕೊಂಡಿದ್ದ ಮಧುಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವತ್ತಿಂದ ಹನೂರಿಗೆ ಹೋದರೂ ಮುಳ್ಳೂರಿಗೆ ಹೋದರೂ "ಏನ್ ಜಾಮೂನು ಭಾವ, ಚೆಂದಾಗಿದ್ದೀರಾ?" ಅಂತ ನೆಂಟರು ಶುರುಮಾಡಿಬಿಟ್ಟರು. ರುದ್ರಸ್ವಾಮಿಗೆ ಮೈಯೆಲ್ಲ ಉರಿ. ಮೋಹನನಿಗೆ ಫೋನ್ ಮಾಡಿ, "ಅದೊಂದ್ ಚೂರು ಕತ್ತರ್ಸ್ಬುಡಪ್ಪ, ತಲ ಎತ್ಕಂಡ್ ತಿರ್ಗಾಂಗಿಲ್ಲ" ಅಂತ ಗೋಗರೆದ. "ಲೈವಲ್ಲಿ ಬಂದದ್ದು ಬಂತು ಸಾ, ನಾನ್ ಕೈ ಹಾಕಾಕಿಲ್ಲ" ಅಂದುಬಿಟ್ಟ ಮೋಹನ.

ಅದಾದ ಐದನೇ ತಿಂಗಳು ರತ್ನಮ್ಮ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ರುದ್ರಸ್ವಾಮಿ ಅವಳ ದನಿ ಹುಡುಕಿದ. ಫೋಟೊ ಬೇಕಾದಷ್ಟಿತ್ತು. ಆದರೆ ಯಾರಾದರೂ ಫೋನು ಎತ್ತಿ ಹಿಡಿದರೆ ಸಾಕು, ಆಧಾರ್ ಕಾರ್ಡಿಗೆ ನಿಂತವಳ ಹಾಗೆ ತುಟಿ ಬಿಗಿದು ನಿಲ್ಲೋ ಹೆಂಗಸು ಅವಳು. ಮೂವತ್ತಮೂರು ವರ್ಷ ಬೆಳಗಿಂದ ಸಂಜೆವರೆಗೆ ಮಾತಾಡಿದವಳದು ಒಂದೇ ಒಂದು ಮಾತು ಎಲ್ಲೂ ಉಳಿದಿರಲಿಲ್ಲ, ಆ ಲೈವಿನಲ್ಲಿ ಬೈದದ್ದು ಬಿಟ್ಟು.

ರುದ್ರಸ್ವಾಮಿಯ ಮನೆ ಇರೋದು ಊರಿಂದ ಎರಡು ಮೈಲಿ ಆಚೆ ಜಮೀನಲ್ಲಿ, ಗುಡ್ಡದ ಬುಡಕ್ಕೆ. ಅಲ್ಲಿ ಸಿಗ್ನಲ್ಲು ಅನ್ನೋದು ಕನಸಿನ ಮಾತು. ಅವನು ಊರೊಳಗೆ ಮೊಬೈಲ್ ಅಂಗಡಿ ಇಟ್ಟಿದ್ದ ಉದಯಕುಮಾರನ ಹತ್ತಿರ ಬಂದು ಕೂತ. "ನಂಗ ಇದು ತೋಟದಲ್ಲಿ ಕಾಣ್ಬೇಕು ಕಣ್ಲಾ, ಏನಾರ ಮಾಡು." ಉದಯ ಲೈವಿನ ಕೆಳಗಿದ್ದ ಬಾಣದ ಗುರುತು ಒತ್ತಿದ. ಮೂರು ಮುಕ್ಕಾಲು ಗಂಟೆಯ ಮದುವೆ ಇಳಿಯೋ ಹೊತ್ತಿಗೆ ಎರಡು ಟೀ ಆಯಿತು. "ಡೌನ್‌ಲೋಡ್ ಆಯ್ತು ಸಾ. ಇನ್ನು ನೆಟ್ ಇಲ್ದೆ ನೋಡ್ಕಳಿ. ತಿಂಗ್ಳಿಗೊಂದ್ ಸಲ ಇಲ್ಲಿಗ್ ಬಂದು ನೆಟ್ ಆನ್ ಮಾಡ್ಕಂಡೋಗಿ, ಅಷ್ಟೇಯ."

ರುದ್ರಸ್ವಾಮಿ ವ್ಯವಸಾಯದ ಮನುಷ್ಯ. ಟ್ರ್ಯಾಕ್ಟರಿಂದ ಮೂಟೆ ಇಳಿಸಿ ಪಡಸಾಲೆಯಲ್ಲಿ ಹಾಕಿಕೊಂಡ ಮೇಲೆ ಅದು ಮನೆಯದು. ಟ್ರ್ಯಾಕ್ಟರು ಎಲ್ಲಾದರೂ ಹೋಗಲಿ, ಗುಜರಿಗೇ ಹೋಗಲಿ, ಮೂಟೆಗೇನು? ಇದೂ ಹಾಗೇ ಅಂದುಕೊಂಡ. ಬೈಗುಳ ಶುರುವಾಗೋ ಎರಡು ಗಂಟೆ ಹದಿನೇಳನೇ ನಿಮಿಷಕ್ಕೆ ವಿಡಿಯೊನ ಬೆರಳಲ್ಲಿ ಎಳೆಯೋದು ಕಲಿತುಕೊಂಡ. ದಿನಾ ಉಣ್ಣೋ ಹೊತ್ತಿಗೆ ರತ್ನಮ್ಮ ಬಂದು ಮೀಸೆ ಒರೆಸಿಕೊಳ್ಳಿ ಅನ್ನೋಳು, ಇವನು ಒರೆಸಿಕೊಳ್ಳೋನು. ಜಾಮೂನು ಮಾತ್ರ ಆಮೇಲೆ ಮುಟ್ಟಲಿಲ್ಲ. ತಿಂಗಳಿಗೊಂದು ಸಲ ಊರಿಗೆ ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತು ನೆಟ್ ಆನ್ ಮಾಡಿಕೊಂಡು ಹೋಗೋನು. ಹೀಗೆ ಒಂದು ವರ್ಷ ನಡೀತು, ಒಂದು ದಿನವೂ ತೊಂದರೆ ಆಗಲಿಲ್ಲ.

ಅಷ್ಟರಲ್ಲಿ ಮಧುಶ್ರೀ ಬಾಳು ಕೆಟ್ಟಿತು. ಯಾಕೆ ಕೆಟ್ಟಿತು ಅನ್ನೋದು ಆ ಕೂಸಿನ ವಿಷಯ, ನಾವು ಕೆದಕೋದು ಬೇಡ. ತೌರಿಗೆ ಬಂದವಳು ವಾಪಸ್ ಹೋಗಲಿಲ್ಲ. ಕೋರ್ಟಿಗೆ ಕಾಗದ ಹಾಕೋ ಮುಂಚೆ ಎರಡೂ ಕಡೆಯ ಹಿರಿಯರು ಸದಾಶಿವಪ್ಪನ ಮನೆಯಲ್ಲಿ ಕೂತರು. ಒಡವೆ ಇತ್ತ ಬಂತು, ಉಂಗುರ ಅತ್ತ ಹೋಯಿತು. ಎಲ್ಲ ಮುಗಿದು ಕಾಫಿ ಲೋಟ ಎತ್ತೋ ಹೊತ್ತಿಗೆ ಒಳಗಿಂದ ಮಧುಶ್ರೀ ಬಾಗಿಲಿಗೆ ಬಂದು ನಿಂತಳು.

"ಆ ಲೈವು ತೆಗ್ಸಿ," ಅಂದಳು. "ಇನ್ನೂ ಜನ ನೋಡ್ತಾವ್ರ. ಕೆಳಗಡ ಏನೇನೋ ಬರೀತಾವ್ರ. ನಂಗ ಬ್ಯಾರೆ ಏನೂ ಬ್ಯಾಡ."

ಗಂಡಿನ ಕಡೆಯ ಹಿರಿಯ ಪ್ರಭುಸ್ವಾಮಿ ಮುಖ ತಿರುಗಿಸಿದ. "ಅದು ನಮ್ಮ ಕಾಸಲ್ಲಿ ಮಾಡ್ಸಿದ್ದು. ಇರ್ಲಿ ಬುಡಿ, ಅದೇನ್ ಅನ್ನ ಕೇಳ್ತದಾ?"

ರುದ್ರಸ್ವಾಮಿಗೆ ರೇಗಿಹೋಯಿತು. "ಒಂದ್ ಹೆಣ್ಮಗು ಬಾಯ್ಬುಟ್ಟು ಕೇಳದು ಇಷ್ಟೇಯ. ಅದ್ನೂ ಕೊಡಾಕಿಲ್ಲ ಅಂದ್ರ ನೀವೆಂತಾ ದೊಡ್ ಮನ್ಸರು ಸ್ವಾಮಿ? ಅಳಿಸ್ರಿ ಅದನ್ನ!"

ಸದಾಶಿವಪ್ಪ ಮೆಲ್ಲಗೆ ಭಾವನ ತೋಳು ಹಿಡಿದ. "ಭಾವ, ಅಕ್ಕನ ಮಾತು ಅದ್ರಲ್ಲೇ ಅಲ್ವಾ ಇರದು?"

"ನನ್ ಫೋನಲ್ಲದ ಬುಡ್ಲಾ. ಇಳ್ಸ್ಕಂಡು ವರ್ಷ ಆಯ್ತು."

ಹಾಗಂದು, ತಾನೇ ಮೋಹನನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಹಾಕಿ ಹೇಳಿದ. ಎರಡೂ ಕಡೆಯವರು ಹ್ಞೂಂ ಅಂದರು. ಸ್ವಲ್ಪ ಹೊತ್ತಿಗೆ ಮೋಹನ ವಾಪಸ್ ಮಾಡಿ "ತಗ್ದಾಯ್ತು ಸಾ" ಅಂದ. ಮಧುಶ್ರೀ ಬಂದು ರುದ್ರಸ್ವಾಮಿ ಮಾವನ ಕಾಲು ಹಿಡಿದುಕೊಂಡು ಅತ್ತಳು. ಬಸ್ಸಲ್ಲಿ ಊರಿಗೆ ಬರೋವಾಗ ರುದ್ರಸ್ವಾಮಿಗೆ ಬಹಳ ದಿನದ ಮೇಲೆ ತನ್ನ ಮೇಲೇ ಒಂದಿಷ್ಟು ಮೆಚ್ಚುಗೆ ಆಗಿತ್ತು. ಅಯ್ಯೋ ಶಿವನೇ.

ಅದಾಗಿ ಹದಿನೆಂಟು ದಿನ ರತ್ನಮ್ಮ ಎಂದಿನ ಹಾಗೆ ಉಣ್ಣೋ ಹೊತ್ತಿಗೆ ಬಂದು ಬೈದಳು. ಹತ್ತೊಂಬತ್ತನೇ ದಿನ, ನೆಟ್ ಆನ್ ಮಾಡಿ ಅಂತ ಫೋನು ಕೇಳಿತು. ಪ್ರತಿ ತಿಂಗಳೂ ಕೇಳುತ್ತಿತ್ತಲ್ಲ, ಅದರಲ್ಲೇನು? ರುದ್ರಸ್ವಾಮಿ ಊರಿಗೆ ಬಂದ, ಅಂಗಡಿ ಮೆಟ್ಟಿಲ ಮೇಲೆ ಕೂತ, ಆನ್ ಮಾಡಿದ. ವಿಡಿಯೊ ಇದ್ದ ಜಾಗದಲ್ಲಿ ಬೂದಿ ಬಣ್ಣದ ಒಂದು ಚೌಕ ಬಂತು, ಅದರೊಳಗೆ ಏನೂ ಇಲ್ಲ. ಆಫ್ ಮಾಡಿದ, ಮತ್ತೆ ಆನ್ ಮಾಡಿದ. ಫೋನನ್ನ ತೊಡೆಗೆ ಒರೆಸಿದ. ಆಮೇಲೆ ಉದಯನ ಕೈಗೆ ಕೊಟ್ಟ.

ಉದಯ ಬಹಳ ಹೊತ್ತು ತಿರುವಿ ಮುರುವಿ ನೋಡಿದ. "ಸಾ, ಮೂಲದಲ್ಲಿ ಅಳಿಸವ್ರ. ಅಲ್ಲಿ ಅಳಿಸುದ್ರ ಇಲ್ಲೂ ಓಯ್ತದ."

"ಅದೆಂಗ್ಲಾ ಓಯ್ತದ? ಇಳ್ಸ್ಕಂಡಿದ್ನಲ್ಲ! ನನ್ ಫೋನು, ನನ್ ಜೇಬು!"

"ಇದು ಅಂಗಲ್ಲ ಸಾ. ನೋಡಕ್ಕಷ್ಟೇ ಕೊಟ್ಟಿರ್ತಾರ. ನಮ್ದಾಗಾಕಿಲ್ಲ."

"ನೀನ್ ಅವತ್ತೇ ಯಾಕ್ ಯೋಳ್ನಿಲ್ಲ?"

ಉದಯ ಫೋನು ವಾಪಸ್ ಕೊಟ್ಟ. ಅವನದೇನು ತಪ್ಪು? ಅಳಿಸ್ತಾರೆ ಅಂತ ಅವನಿಗಾದರೂ ಏನು ಕನಸು ಬಿದ್ದಿತ್ತೆ? ಅಂಗಡಿಗೆ ರೀಚಾರ್ಜಿಗೆ ಬಂದವರು ಮಾತ್ರ ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಿದರು. ಇನ್ನೊಂದು ಫೋನಲ್ಲಿ ಶೂಟಿಂಗ್ ಮಾಡಿಟ್ಟುಕೋಬೇಕಿತ್ತು, ಮೆಮೊರಿ ಕಾರ್ಡಿಗೆ ಹಾಕಿಸಬೇಕಿತ್ತು, ನೆಟ್ಟೇ ಆನ್ ಮಾಡಬಾರದಿತ್ತು. ಇತ್ತು, ಇತ್ತು, ಇತ್ತು. ಹೋದ ಮೇಲೆ ಬುದ್ಧಿ ಹೇಳೋದಕ್ಕೆ ನಮ್ಮ ಕಡೆ ಜನಕ್ಕೆ ಬರವೇ? ರುದ್ರಸ್ವಾಮಿ ಎಲ್ಲರ ಮಾತಿಗೂ ಹ್ಞೂಂ ಹ್ಞೂಂ ಅಂತ ತಲೆ ಆಡಿಸುತ್ತಾ ಕೂತಿದ್ದ.

ಮಾರನೇ ದಿನ ಕೊಳ್ಳೇಗಾಲಕ್ಕೆ ಹೋದ. ಸ್ಟುಡಿಯೊದಲ್ಲಿ ಮೋಹನ ಯಾವುದೋ ಸೀಮಂತದ ಆಲ್ಬಂ ಕೂರಿಸುತ್ತಿದ್ದ. ವಿಷಯ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ.

"ಸಾ, ಚಾನೆಲ್ಲಲ್ಲಿ ಅಳಿಸಿದ್ದು ಮತ್ತ ಬರಾಕಿಲ್ಲ. ಕಂಪ್ಯೂಟ್ರಲ್ಲಿ ಆರ್ ತಿಂಗ್ಳು ಇಟ್ಟಿರ್ತೀವಿ, ಆಮೇಕ ಜಾಗ ಸಾಲಾಕಿಲ್ಲ, ತಗ್ದಾಕ್ತೀವಿ. ನೀವೇ ಅಲ್ವಾ ಸಾ ಫೋನ್ ಮಾಡಿ ಯೋಳಿದ್ದು?"

"ನಾನೇ ಕಣಪ್ಪ. ನಾನೇ ಯೋಳಿದ್ದು."

ಮೋಹನನಿಗೂ ಸಂಕಟ ಆಯಿತು. "ಪೆನ್ ಡ್ರೈವ್ ಕೊಟ್ಟಿದ್ವಲ್ಲ ಹೆಣ್ಣಿನೋರ್ಗ, ಅದ್ರಲ್ಲಿ ಧಾರೆ ಅದ ಸಾ. ಒಂದ್ಸಲ ನೋಡಿ" ಅಂದ.

ಯಳಂದೂರಿನ ಬಸ್ಸು ಹತ್ತಿ ಕೂತ ಮೇಲೆ ರುದ್ರಸ್ವಾಮಿಗೆ ಹೆದರಿಕೆ ಶುರುವಾಯಿತು. ಹೇಗೆ ಕೇಳೋದು? ಯಾವುದನ್ನ ಕಣ್ಣಿಂದ ಮರೆ ಮಾಡಿ ಅಂತ ಆ ಕೂಸು ಹತ್ತು ಜನರ ಮುಂದೆ ಬೇಡಿಕೊಂಡಿತ್ತೋ ಅದನ್ನೇ ಹುಡುಕಿ ಕೊಡು ಅನ್ನೋದು ಹೇಗೆ? ಅದೂ ತಾನೇ ಮುಂದೆ ನಿಂತು ಅಳಿಸಿದ ಮೇಲೆ? ಕೇಳೋದೇ ಬೇಡ, ಕೂಸನ್ನ ಮಾತಾಡಿಸಿಕೊಂಡು ವಾಪಸ್ ಹೋಗೋಣ ಅಂತ ಎರಡು ಸಲ ತೀರ್ಮಾನ ಮಾಡಿದ.

ಮನೇಲಿ ಮಧುಶ್ರೀ ಒಬ್ಬಳೇ ಇದ್ದಳು. ಕಾಫಿ ಕೊಟ್ಟಳು, ಸಕ್ಕರೆ ಹಾಕದೆ. "ಸುಮ್ನ ಬಂದೆ ಕೂಸು" ಅಂದ. ಅವಳು ಅವನ ಮುಖ ನೋಡಿದಳು. ಮೇಜಿನ ಮೇಲೆ ಇಟ್ಟಿದ್ದ ಫೋನು ನೋಡಿದಳು.

"ಮಾವ, ಅತ್ತೆ ವಿಡಿಯೊ ಓಯ್ತಾ?"

ಅಷ್ಟೇ ಸಾಕಾಯಿತು ಅವನಿಗೆ. ಶಲ್ಯ ಬಾಯಿಗೆ ಒತ್ತಿಕೊಂಡು ಗೊಳೋ ಅಂತ ಅತ್ತುಬಿಟ್ಟ, ಅಷ್ಟು ದೊಡ್ಡ ಮನುಷ್ಯ. "ನಿನ್ ತಪ್ಪಲ್ಲ ಕೂಸು, ನಿನ್ ತಪ್ಪಲ್ಲ, ನಂಗ ಗೊತ್ತಿರ್ನಿಲ್ಲ" ಅಂತ ಅದನ್ನೇ ಮತ್ತೆ ಮತ್ತೆ ಹೇಳಿದ.

ಮಧುಶ್ರೀ ಒಳಗೆ ಹೋಗಿ ಬೀರು ತೆಗೆದು, ಸೀರೆಗಳ ಅಡಿಯಿಂದ ಒಂದು ಪೆನ್ ಡ್ರೈವ್ ತಂದಳು. ಅವಳ ತಾಯಿ ಮುಚ್ಚಿಟ್ಟಿದ್ದು. ಅದನ್ನ ಟಿವಿಗೆ ಸಿಕ್ಕಿಸಿ ಮಾವನ ಪಕ್ಕ ಕೂತಳು. ಅವಳ ಮದುವೆ ಶುರುವಾಯಿತು. ಬಣ್ಣ ಬಣ್ಣದ ಹೂವು ಉದುರಿ ಅವಳ ಹೆಸರು, ಅವನ ಹೆಸರು ಬಂತು. ರುದ್ರಸ್ವಾಮಿ ನಾಚಿಕೆಯಿಂದ ನೆಲ ನೋಡಿದ. ಅವಳು ರಿಮೋಟು ಒತ್ತುತ್ತಾ ಓಡಿಸಿದಳು. ಧಾರೆ ಬಂತು. ಅಯ್ನೋರು ಬಂದರು. ರುದ್ರಸ್ವಾಮಿ ವೇದಿಕೆ ಹತ್ತಿದ. ರತ್ನಮ್ಮ ತಿರುಗಿದಳು, ಕೈ ಎತ್ತಿದಳು, ಬಾಯಿ ತೆಗೆದಳು.

ಜೋರಾಗಿ ಒಂದು ಸಿನಿಮಾ ಹಾಡು ಬರುತ್ತಿತ್ತು.

"ಏ, ಹಾಡು ನಿಲ್ಸು ಕೂಸು, ಹಾಡು ನಿಲ್ಸು! ಮಾತು ಕೇಳ್ನಿಲ್ಲ" ಅಂತ ರುದ್ರಸ್ವಾಮಿ ಮುಂದಕ್ಕೆ ಬಗ್ಗಿದ. ಹಾಡು ಮೇಲೆ ಇದೆ, ತೆಗೆದರೆ ಅವಳ ಮಾತು ಕೆಳಗೆ ಇದ್ದೇ ಇರುತ್ತದೆ ಅಂದುಕೊಂಡಿದ್ದ.

ಹಾಡು ಕೂರಿಸೋವಾಗ ಮಾತನ್ನ ಅಳಿಸಿಬಿಟ್ಟಿರ್ತಾರೆ ಅಂತ ಮಧುಶ್ರೀಗೆ ಗೊತ್ತಿತ್ತು. ಆದರೂ ಹಿಂದಕ್ಕೆ ಎಳೆದು, ದನಿ ಪೂರ್ತಿ ಇಳಿಸಿ, ಮತ್ತೆ ಹಾಕಿದಳು. ಹಾಡು ನಿಂತಿತು. ಬೇರೆ ಏನೂ ಕೇಳಲಿಲ್ಲ. ರತ್ನಮ್ಮ ಬೈದಳು, ಬೆರಳು ತೋರಿಸಿದಳು, ಮುಖ ಸಿಂಡರಿಸಿದಳು. ಮನೆ ಸದ್ದಿಲ್ಲದೆ ಇತ್ತು. ಮೂರು ಸಲ ಹಾಕಿಸಿ ನೋಡಿದ. ನಾಲ್ಕನೇ ಸಲಕ್ಕೆ, ಪರದೆ ಮೇಲೆ ಬಾಸಿಂಗದ ಕೆಳಗೆ ನಗುತ್ತಿದ್ದ ಹುಡುಗಿಯನ್ನ ನೋಡಿ, ಪಕ್ಕ ಕೂತವಳ ಕಡೆ ತಿರುಗಿದ. ಅವಳ ಕೆನ್ನೆ ಒದ್ದೆಯಾಗಿತ್ತು.

"ಸಾಕು ಕೂಸು, ಆರ್ಸ್ಬುಡು."

ಟಿವಿ ಆರಿಸಿ ಅವಳು ಪೆನ್ ಡ್ರೈವ್ ಕಿತ್ತಿಟ್ಟಳು. ಆಮೇಲೆ, "ಮಾವ, ಅತ್ತೆ ಏನಂದ್ರು ಅಂತ ನಂಗ ಗ್ಯಾಪ್ಕ ಅದ. ನಾ ಪಕ್ದಲ್ಲೇ ಕೂತಿದ್ನಲ್ಲ. ಯೋಳ್ಲಾ?" ಅಂದಳು.

ಅವನು ತಲೆ ಆಡಿಸಿದ.

ಮಧುಶ್ರೀ ಕಣ್ಣು ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, ಅತ್ತೆಯ ಹಾಗೇ ಕೈ ಎತ್ತಿ ಹೇಳಿದಳು. "ಅಲ್ಲಾ, ಸಕ್ರ ಕಾಯ್ಲ ಇಟ್ಕಂಡು ಎಷ್ಟು ತಿಂದ್ರಿ?" ಪಾಕದ ಮಾತು ಹೇಳಿದಳು, ಕಾಲು ಒತ್ತಾಕಿಲ್ಲ ಅನ್ನೋದು ಹೇಳಿದಳು, ಥೂ ಅಂದಳು. ಒಂದು ಮಾತೂ ತಪ್ಪಲಿಲ್ಲ. ದನಿ ಮಾತ್ರ ಇಪ್ಪತ್ತಾರು ವರ್ಷದ ಹುಡುಗಿಯದು, ತೆಳ್ಳಗೆ, ಅತ್ತು ಅತ್ತು ಒಡೆದದ್ದು. ರತ್ನಮ್ಮನದು ಹೇಗಿತ್ತು ಅಂತ ರುದ್ರಸ್ವಾಮಿ ನೆನೆಸಿಕೊಳ್ಳಕ್ಕೆ ಹೋದ. ಕಿವಿಗೆ ಬರಲಿಲ್ಲ.

"ಸರಿಯಾಗ್ ಯೋಳಿದ್ನಾ ಮಾವ?"

"ಅಂಗೇಯಾ ಕೂಸು," ಅಂದ. "ಥೇಟ್ ಅವ್ಳಂಗೇಯಾ."