ಭಾವನ ಚುಂಬಕ, ಹುಡುಗನ ಕೋಬಾಲ್ಟ್

ಗಂಡು ನೋಡುವಾಗ ಜಾತಕ ನೋಡುವವರಿದ್ದಾರೆ, ಸಂಬಳ ನೋಡುವವರಿದ್ದಾರೆ. ಚುಂಬಕ ಹಿಡಿದು ನೋಡಿದವರನ್ನು ಮಾತ್ರ ನಾನು ಕಂಡದ್ದು ಕಳೆದ ಭಾನುವಾರ. ಅದೂ ಪುಣೆಯಲ್ಲಿ, ನಮ್ಮ ಅಕ್ಕನ ಮನೆಯಲ್ಲೇ.

ಭಾವ ಶಂಕ್ರಪ್ಪನವರದು ಕೊಂಢವಾದಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಜೇಬಿನಲ್ಲಿ ಸದಾ ಒಂದು ಚುಂಬಕ. ಯಾವ ಪಾತ್ರೆ ಬಂದರೂ ಹಿಡಿದು ನೋಡುತ್ತಾರೆ. ಅಂಟಲಿಲ್ಲವೋ, ಅಸಲಿ ಸ್ಟೀಲು. ಅಂಟಿತೋ, ಕಳಪೆ ಮಾಲು, ವಾಪಸ್! (ನನ್ನ ಮದುವೆಗೆ ಬಂದ ಉಡುಗೊರೆಗಳನ್ನೂ ಮಂಟಪದಲ್ಲೇ ಪರೀಕ್ಷಿಸಿದ ಪುಣ್ಯಾತ್ಮ.)

ಅವರ ಒಬ್ಬಳೇ ಮಗಳು ಶ್ರುತಿ. ಹಡಪಸರದಲ್ಲಿ ಐಟಿ ಕೆಲಸ. ಮೈಸೂರಿನ ಚೇತನ್‌ನನ್ನು ತಾನೇ ಆರಿಸಿಕೊಂಡಿದ್ದಾಳೆ. ಆತ ಇಲ್ಲೇ ಒಂದು ಲ್ಯಾಬಿನಲ್ಲಿ ಕೋಬಾಲ್ಟ್ ಲೋಹದ ನ್ಯಾನೋ ಕಣಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾನೆ. ಅಪ್ಪ ಹೂಂ ಅನ್ನದೆ ಮದುವೆಯಾಗುವುದಿಲ್ಲ ಅಂತ ಮಗಳ ಹಟ. ಹಾಗಾಗಿ ಎಲ್ಲವೂ ಭಾನುವಾರ ಚೇತನ್ ಭಾವನನ್ನು ಕಾಣಲು ಬರುವ ಆ ಭೇಟಿಯ ಮೇಲೆ ನಿಂತಿತ್ತು.

ಭಾವ ಅವನಿಗೆ ಫೋನಿನಲ್ಲೇ ಹೇಳಿದ್ದರು: "ಬರೂ ಮುಂದ ನೀವು ಮಾಡೋ ಮಾಲಿಂದು ಒಂದ್ ಸ್ಯಾಂಪಲ್ ತರ್ರಿ."

ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರು. ಈತ ತಂದ! ಬೆರಳುದ್ದದ ಶೀಶೆ, ಭದ್ರವಾದ ಮುಚ್ಚಳ, ಒಳಗೆ ಕೋಬಾಲ್ಟ್ ಕಣ ತೇಲುವ ಕಪ್ಪು ಎಣ್ಣೆ.

"ಇಷ್ಟೇನ?" ಅಂದರು ಭಾವ. "ಇದಕ್ಕ ಎಷ್ಟ ದಿನ ಹಿಡೀತರಿ?"

"ಎರಡು ವರ್ಷ ಅಂಕಲ್. ಕಣ ಸಣ್ಣದಾದಷ್ಟೂ ಕಷ್ಟ."

ಭಾವ ನನ್ನ ಮುಖ ನೋಡಿದರು. ನಾನು ತಟ್ಟೆಯ ಅವಲಕ್ಕಿ ನೋಡಿದೆ.

ಚುಂಬಕ ಹೊರಬಂತು. ಶೀಶೆಗೆ ತಾಗಿಸಿದ್ದೇ ತಡ, ಕಪ್ಪೆಲ್ಲ ಸರ್ರನೆ ಒಂದೇ ಬದಿಗೆ ಬಂದು ಅಂಟಿಕೊಂಡಿತು. ಚೇತನ್ ಮುಖ ಅರಳಿತು. "ಎಷ್ಟು ಚೆನ್ನಾಗಿ ಅಂಟ್ಕೊಳ್ತು ನೋಡಿ ಅಂಕಲ್!"

ಭಾವನ ಮುಖ ಹುಳ್ಳಗಾಯಿತು. "ಅಂಟತದಲ್ರಿ! ಇಂಥಾ ಮಾಲು ನಾ ಅಂಗಡಿ ಮೆಟ್ಲಾ ಹತ್ತಸಾಂಗಿಲ್ಲ."

"ಇನ್ನೂ ಮಜಾ ಇದೆ ಅಂಕಲ್. ಮ್ಯಾಗ್ನೆಟ್ ತೆಗೀರಿ. ನೋಡಿ, ಬಿಟ್ಬಿಡ್ತು! ಕಣ ಇಷ್ಟು ಸಣ್ಣದಾದ್ರೆ ಅಂಟಿದ್ದನ್ನೇ ಪೂರ್ತಿ ಮರ್ತುಬಿಡುತ್ತೆ. ಅದೇ ಇದರ ಸ್ಪೆಷಾಲಿಟಿ!"

ಅಯ್ಯೋ ದೇವರೇ! ಹೆಣ್ಣು ಕೇಳಲು ಬಂದವನು ಆಡುವ ಮಾತೇ ಇದು? ಶ್ರುತಿ ಹಣೆ ಚಚ್ಚಿಕೊಂಡಳು.

"ಇವತ್ತ ಅಂಟತದ, ನಾಳೆ ಮರೀತದ." ಭಾವ ಶೀಶೆ ಕೆಳಗಿಟ್ಟರು. "ಈ ಸಂಬಂಧ ಬ್ಯಾಡ."

"ಅಪ್ಪಾ, ನಾ ಶೀಶೇನ್ನ ಲಗ್ನ ಆಗಾಕತ್ತಿಲ್ಲ! ಮನಶ್ಯಾನ್ನ ಆಗಾಕತ್ತೇನಿ!" ಹುಡುಗಿಯ ಕಣ್ಣು ತುಂಬಿತ್ತು.

ಭಾವನ ದನಿ ಇಳಿಯಿತು. "ಪಾತ್ರೆ ಆದ್ರ ನನಗ ಗೊತ್ತಾಗತದವಾ. ಮನಶ್ಯಾನ್ನ ಹೆಂಗ ನೋಡೂದು?"

ಪಾಪ! ಇಷ್ಟೂ ರಂಪದ ಹಿಂದಿದ್ದ ಭಯ ಅದೇ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

"ನಿಮಗ ನನ್ನ ಕೊಡೂ ಮುಂದ ನಮ್ಮಪ್ಪ ಯಾವ ಪರೀಕ್ಷಾ ಮಾಡಿದ್ದ, ಹೇಳ್ರಿ? ಮಾಡಿದ್ರ ನೀವು ಪಾಸ್ ಆಗ್ತಿದ್ರೇನು?"

ಭಾವ ಗೋಡೆ ನೋಡಿದರು, ಫ್ಯಾನ್ ನೋಡಿದರು. ಆಮೇಲೆ ಚೇತನ್ ಕಡೆ ತಿರುಗಿ, "ಊಟ ಮಾಡ್ಕೊಂಡ ಹೋಗ್ರಿ, ಅಳಿಯಂದ್ರ" ಅಂದರು.

ಪಾಸೋ ಫೇಲೋ ಅಂತ ಅಕ್ಕ ಇನ್ನೂ ಹೇಳಿಲ್ಲ, ಭಾವ ಕೇಳಿಯೂ ಇಲ್ಲ. ನೀವು ನಿಮ್ಮ ಮನೆಯಲ್ಲಿ ಕೇಳುವ ಧೈರ್ಯ ಮಾಡುತ್ತೀರಾ?