ಶಾಣ್ಯಾ ಫ್ಯಾನಿನ ಸಹವಾಸ

ಈಚೆಗೆ ಯಾರ ಮನೆಗೆ ಹೋದರೂ ನನಗೆ ಮನುಷ್ಯರ ಮುಖ ಕಾಣುವುದಿಲ್ಲ, ಛತ್ತು ಕಾಣುತ್ತದೆ. ಮೊನ್ನೆ ಇಲ್ಲೇ ಹೈದರಾಬಾದಿನ ಕಾಚಿಗೂಡದಲ್ಲಿ ಗೆಳೆಯನ ಮಗಳ ಮದುವೆಗೆ ಹೋಗಿ, ಅಕ್ಷತೆ ಹಾಕುವ ಹೊತ್ತಿಗೆ ಮೇಲಿನ ಫ್ಯಾನನ್ನೇ ನೋಡುತ್ತ ನಿಂತಿದ್ದೆ. ಅಕ್ಕಿಕಾಳೆಲ್ಲ ಭಟ್ಟರ ತಲೆ ಮೇಲೆ ಬಿದ್ದವು. ದೀಪ ಇರುವ ಫ್ಯಾನು ಕೊಳ್ಳಲು ಹೊರಟವನ ಗತಿ ಇದು ನೋಡಿ.

ಕುಷಾಯಿಗೂಡದ ನಮ್ಮ ಮನೆಯನ್ನು ಸ್ಮಾರ್ಟ್, ಅಂದರೆ ನಮ್ಮ ಮಾತಿನಲ್ಲಿ ಶಾಣ್ಯಾ, ಮಾಡಿಯೇ ತೀರಬೇಕೆಂದು ನನ್ನ ಹೆಂಡತಿ ನಿರ್ಮಲಾ ಹಟ ಹಿಡಿದಿದ್ದಾಳೆ. ಫೋನಿನ ಮೇಲೆ ಬೆರಳಾಡಿಸಿದರೆ ಫ್ಯಾನು ತಿರುಗಬೇಕು, ಅದರ ಹೊಟ್ಟೆಯಲ್ಲಿರುವ ದೀಪ ಹತ್ತಬೇಕು. ಸಿಕಂದರಾಬಾದಿನ ಅಂಗಡಿಯವನು ತೆಲುಗು ಹಿಂದಿ ಬೆರೆಸಿ ಕೇಳಿದ ಪ್ರಶ್ನೆಗಳಿಗೆ ನನ್ನ ತಲೆ ಗಿಮ್ಮೆಂದಿತು. ಬೆಳಕು ಹಳದಿಯೋ ಬಿಳಿಯೋ? ರೆಕ್ಕೆ ಮೂರೋ ಐದೋ? ಹೇಳಿದ ಮಾತು ಕೇಳುವುದೋ, ಬರೀ ರಿಮೋಟಿನದೋ? ಹೆಣ್ಣು ನೋಡಲು ಹೋದಾಗಲೂ ಇಷ್ಟು ವಿಚಾರ ಮಾಡಿರಲಿಲ್ಲ ಅಂತ ಅಲ್ಲೇ ಅಂದುಬಿಟ್ಟೆ. ಪಕ್ಕದಲ್ಲಿದ್ದ ನಿರ್ಮಲಾ ನನ್ನನ್ನು ಅಲ್ಲೇ ಬಿಟ್ಟು ಆಟೋ ಹತ್ತಿದಳು.

ನನ್ನ ಸಂಕಟ ಮಾತ್ರ ಬೇರೆ. ನಮ್ಮ ಜೊತೆ ಅತ್ತಿ ಇದ್ದಾಳೆ. ನಮ್ಮಪ್ಪನ ತಂಗಿ, ನನ್ನನ್ನು ಎತ್ತಿ ಆಡಿಸಿದಾಕೆ. ಮೊಣಕಾಲು ಸೋತ ಮೇಲೆ ಅವಳ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಂಡೆವು, ಎಲ್ಲ ಪ್ರೀತಿಯಿಂದಲೇ. ಒಲೆ ಮುಂದೆ ನಿಲ್ಲಬೇಡ, ಸೊಪ್ಪು ಸೋಸಬೇಡ, ಮೊಸರಿಗೆ ಹೆಪ್ಪು ನಾವೇ ಹಾಕುತ್ತೇವೆ, ನೀ ಆರಾಮ ಕೂಡು. ಕಡೆಗೆ ಉಳಿದದ್ದು ಒಂದೇ. ಹೊತ್ತು ಮುಳುಗುವಾಗ ಗೋಡೆ ಹಿಡಿದು ಬಂದು ಪಡಸಾಲೆಯ ದೀಪದ ಬಟನ್ ಒತ್ತುವುದು. ದೀಪ ಹತ್ತಿದ ಕೂಡಲೇ ನಾವೆಲ್ಲ ಇದ್ದಲ್ಲೇ ಕೈ ಮುಗಿಯಬೇಕು, ಮುಗಿಯದಿದ್ದರೆ ಬೈಗುಳ. ಈ ಮನೆ ತನ್ನದೂ ಹೌದು ಅನ್ನಿಸಲು ಅವಳಿಗೆ ಅಷ್ಟೇ ಆಸರೆಯಾಗಿತ್ತು. ಅದೊಂದನ್ನು ಕಸಿದುಕೊಳ್ಳದ ಫ್ಯಾನು ಕೊಡಪ್ಪ ಅಂತ ಅಂಗಡಿಯವನನ್ನು ಕೇಳುವುದಾದರೂ ಹೇಗೆ?

ಅಂತೂ ಒಂದು ಬಂದು ಪಡಸಾಲೆಯ ಹಳೆಯ ದೀಪದ ಜಾಗ ಹಿಡಿಯಿತು. ಗೋಡೆಯ ಬಟನ್ ಯಾವಾಗಲೂ ಚಾಲೂ ಇರಬೇಕು, ಇಲ್ಲದಿದ್ದರೆ ಫೋನಿನ ಹುಕುಂ ಫ್ಯಾನಿಗೆ ಮುಟ್ಟುವುದಿಲ್ಲ ಎಂದು, ಕೂಡಿಸಲು ಬಂದವನು ಅದರ ಮೇಲೆ ಟೇಪು ಅಂಟಿಸಿ ಹೋದ. ನಿರ್ಮಲಾ ಫೋನಿಗೆ ಸೂರ್ಯಾಸ್ತ ಕಲಿಸಿದಳು. ಆ ಸಂಜೆ ಅತ್ತಿ ಕುರ್ಚಿಯಿಂದ ಎದ್ದು ಅರ್ಧ ದಾರಿ ಬಂದಿದ್ದಳು, ದೀಪ ತಾನೇ ಹತ್ತಿತು. ನಾವು ಕೈ ಮುಗಿದೆವು. ಅವಳು ಮೇಲೆ ನೋಡಿ, "ಛಲೋ ಆತು ಬಿಡವಾ, ನನಗೂ ಕಾಲು ಭಾಳ ಎಳೀತಿದ್ವು" ಅಂದು ತಿರುಗಿ ಹೋದಳು. ಮರುದಿನದಿಂದ ಸಂಜೆ ಏಳುವುದನ್ನೇ ಬಿಟ್ಟಳು. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ನಾನೋ ದೊಡ್ಡ ಉಪಾಯಗಾರ. ನಿರ್ಮಲಾಳನ್ನು ಕಾಡಿ ಬೇಡಿ ಫೋನಿನಿಂದ ಸೂರ್ಯಾಸ್ತ ತೆಗೆಸಿದೆ. ಅತ್ತಿಗೆ ರಿಮೋಟು ಕೊಟ್ಟೆ, ಅದು ದಿಂಬಿನ ಕೆಳಗೆ ಸೇರಿತು. ನಿನ್ನೆ ಸಂಜೆ ಟೇಪು ಕಿತ್ತು ಗೋಡೆಯ ಬಟನ್ ಬಂದ್ ಮಾಡಿದೆ. ದೀಪದ ಜೊತೆ ಫ್ಯಾನೂ ನಿಂತಿತು. ಹೈದರಾಬಾದಿನ ಬೇಸಿಗೆ, ಬೆವರು ಧಾರಾಕಾರ. ಹಾಗೇ ಕತ್ತಲಲ್ಲಿ ಕೂತು, ಫೋನು ಕೆಟ್ಟಿದೆ, ನೀನೇ ಬಂದು ದೀಪ ಹಚ್ಚಬೇಕು ಎಂದು ಅತ್ತಿಯನ್ನು ಕೂಗಿ ಕರೆದೆ.

ಅವಳು ಬಾಗಿಲವರೆಗೆ ಬಂದಳು. ಕೆಟ್ಟ ಫೋನು ನನ್ನ ಅಂಗೈಯಲ್ಲೇ ಬೆಳಗುತ್ತಿತ್ತು.

"ನನಗೊಂದು ಕೆಲಸ ಕೊಡಾಕ ಮನೀ ಕತ್ತಲಿ ಮಾಡಿ ಕುಂತೀ ಏನೋ?" ಅಂದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ನಾನೇ ಎದ್ದು ಬಟನ್ ಒತ್ತಿದೆ, ಅವಳು ಬಾಗಿಲಲ್ಲೇ ಕೈ ಮುಗಿದು ಒಳಗೆ ಹೋದಳು.

ಇನ್ನೂ ಎರಡು ಕೋಣೆಗೆ ಫ್ಯಾನು ತರುವುದಿದೆ. ಬೆಳಿಗ್ಗೆ ಅಂಗಡಿಯವನೇ ಫೋನು ಮಾಡಿದ್ದ. ಹೊಸ ಮಾಲು ಬಂದಿದೆಯಂತೆ. ಅದನ್ನು ಹಾಕಿಸಿಕೊಂಡರೆ ಮನೆಯಲ್ಲಿ ಯಾರೂ ಏನೂ ಮಾಡಬೇಕಾಗಿಲ್ಲವಂತೆ. ನನಗೆ ಹೆದರಿಕೆ ಇರುವುದೇ ಅದಕ್ಕೆ ಅಂದೆ. ಹೆದರಬೇಡಿ ಸಾರ್, ಗ್ಯಾರಂಟಿ ಇದೆ ಅಂದ.